ಮೋಟರಿಗೂ ಒಂದು ಸರದಿ ಬೇಕು

ಬೂದಿಗೆರೆಯ ಸುತ್ತಿನ ತೋಟಗಳಲ್ಲಿ ತ್ರೀಫೇಸ್ ಕರೆಂಟು ಬರುವ ಗಳಿಗೆಗಾಗಿ ಕಾಯುವುದು ಬೇಸಾಯದ ಒಂದು ಭಾಗವೇ ಆಗಿಹೋಗಿದೆ. ಕರೆಂಟು ಬಂದ ಕ್ಷಣ ಆ ಲೈನಿಗೆ ಸೇರಿದ ಆಟೋ ಸ್ಟಾರ್ಟರ್‌ಗಳೆಲ್ಲ ಒಂದೇ ಸಲಕ್ಕೆ ಎಚ್ಚೆತ್ತು ತಮ್ಮ ತಮ್ಮ ಮೋಟರ್‌ಗಳನ್ನು ಎಬ್ಬಿಸಲು ಹೊರಡುತ್ತವೆ. ವೋಲ್ಟೇಜ್ ಕುಸಿಯುತ್ತದೆ. ಕೆಲವು ಮೋಟರ್‌ಗಳು ವೇಗ ಹಿಡಿಯಲಾಗದೆ ನಿಂತಲ್ಲೇ ಮುಲುಗುತ್ತವೆ, ಟಿ.ಸಿ.ಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಫ್ಯೂಸ್ ಹಾರುತ್ತದೆ, ಲೈನ್‌ಮನ್‌ಗೆ ಫೋನು ಹೋಗುತ್ತದೆ. ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿ, ಹೂವು ಬೆಳೆಯುವ ದೇವನಹಳ್ಳಿ, ಹೊಸಕೋಟೆ ಸೀಮೆಯ ರೈತರಿಗೆ ಇದರಲ್ಲಿ ಹೊಸದೇನೂ ಇಲ್ಲ. ಹಾಗಂತ ಇದು ವಿದ್ಯುತ್ ಕಂಪನಿ ಬೆಸ್ಕಾಂಗೂ ರೈತರಿಗೂ ನಡುವಿನ ಹಳೆಯ ತಕರಾರು ಮಾತ್ರ ಎಂದು ಕೈಬಿಡುವಂತಿಲ್ಲ. ಒಂದೇ ತಂತಿಯನ್ನು ಹಲವರು ಏಕಕಾಲಕ್ಕೆ ಬಳಸಹೊರಟಾಗ ಏನಾಗುತ್ತದೆ ಎಂಬ ಪ್ರಶ್ನೆ ಇದು. ಕಂಪ್ಯೂಟರ್ ಜಾಲಗಳನ್ನು ಕಟ್ಟಿದವರು ಐದು ದಶಕಗಳ ಹಿಂದೆ ಇದೇ ಪ್ರಶ್ನೆಯನ್ನು ಎದುರಿಸಿ, ಅದಕ್ಕೆ ತೀರ ಸರಳವಾದ, ತೀರ ಅಗ್ಗದ ಉತ್ತರ ಕಂಡುಕೊಂಡರು. ಜಾಲ ತಂತ್ರಜ್ಞಾನದ ಒಳಗೆ ಎರಡು ವಿದ್ಯೆಗಳಿವೆ: ದೂರವನ್ನು ತಲುಪುವುದು ಒಂದು, ಇರುವುದನ್ನು ಜಗಳವಿಲ್ಲದೆ ಹಂಚಿಕೊಳ್ಳುವುದು ಇನ್ನೊಂದು. ನಮ್ಮ ಹೊಲಗಳಿಗೆ ಮೊದಲನೆಯದು ಸಂಭ್ರಮದಿಂದ ಬಂದಿದೆ. ಎರಡನೆಯದು ಇನ್ನೂ ಬಂದಿಲ್ಲ. ಅದನ್ನು ತರಬೇಕು ಎಂಬುದೇ ಈ ಲೇಖನದ ವಾದ.

ಮೊದಲನೆಯ ವಿದ್ಯೆಯ ಸಾಧನೆ ಸಣ್ಣದಲ್ಲ. ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕ್‌ನಲ್ಲಿ ರೇಡಿಯೋ ಅಲೆಗಳಿಂದ ಒಂದು ಪುಟ್ಟ ದೋಣಿಯನ್ನು ನಡೆಸಿ ತೋರಿಸಿದಾಗ, ತಂತಿಯಿಲ್ಲದೆ ಯಂತ್ರವೊಂದನ್ನು ದೂರದಿಂದ ಆಳಬಹುದು ಎಂಬುದು ಸಾಬೀತಾಯಿತು. ಅಮೆರಿಕದ ಬೆಲ್ ಸಂಸ್ಥೆ 1963ರಲ್ಲಿ ಗುಂಡಿ ಒತ್ತುವ ಫೋನನ್ನು ಜನರ ಕೈಗಿತ್ತಾಗ, ಪ್ರತಿ ಅಂಕಿಗೂ ಎರಡು ಸ್ವರಗಳ ಒಂದೊಂದು ಜೋಡಿ ನಿಗದಿಯಾಯಿತು. ಮಾತಾಡುವ ತಂತಿಯ ಮೇಲೆಯೇ ಯಂತ್ರಕ್ಕೆ ಆಜ್ಞೆ ಕೊಡುವ ದಾರಿ ಹೀಗೆ ತೆರೆಯಿತು. 1992ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ಮೊದಲ ಎಸ್ಸೆಮ್ಮೆಸ್ ಹೋಯಿತು. ಇವೆಲ್ಲ ಬಂದು ಸೇರಿದ್ದು ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್‌ನಲ್ಲಿ. ಪುಣೆಯ ಎಂಜಿನಿಯರ್ ಸಂತೋಷ್ ಓಸ್ತವಾಲ್ ರೂಪಿಸಿದ ‘ನ್ಯಾನೋ ಗಣೇಶ್’ ಈ ಬಗೆಯ ಸಾಧನಗಳಲ್ಲಿ ಹೆಸರಾದದ್ದು. ಈಗ ಇಂಥವು ಅನೇಕ ಬಂದಿವೆ. ಪೆಟ್ಟಿಗೆಯೊಳಗೆ ಒಂದು ಸಿಮ್, ಒಂದು ಪುಟ್ಟ ಕಂಪ್ಯೂಟರ್ ಚಿಪ್, ಒಂದು ರಿಲೇ. ಮನೆಯಿಂದಲೇ ಕರೆ ಮಾಡಿ ಗುಂಡಿ ಒತ್ತಿದರೆ ಮೋಟರ್ ಆನ್. ಕರೆಂಟು ಬಂತೇ, ಮೂರೂ ಫೇಸ್ ಇವೆಯೇ, ನೀರು ಎತ್ತುತ್ತಿದೆಯೇ ಎಂಬುದನ್ನು ಪೆಟ್ಟಿಗೆಯೇ ತಿಳಿಸುತ್ತದೆ. ನಡುರಾತ್ರಿ ಟಾರ್ಚ್ ಹಿಡಿದು, ಹಾವು ಚೇಳಿಗೆ ಅಂಜುತ್ತ ಬದುವಿನ ಮೇಲೆ ನಡೆಯುವುದನ್ನು ತಪ್ಪಿಸಿದ ಯಂತ್ರವನ್ನು ಹಗುರವಾಗಿ ಕಾಣಲಾಗದು. ಅದು ಮಾಡಿದ ಉಪಕಾರವನ್ನು ಒಪ್ಪಿಕೊಂಡೇ ಅದರಲ್ಲಿ ಏನು ಕೊರತೆಯಿದೆ ಎಂದು ಕೇಳಬೇಕಾಗಿದೆ.

ಆ ಕೊರತೆ ಕಾಣುವುದು ಹಲವು ಪೆಟ್ಟಿಗೆಗಳು ಒಂದೇ ಟಿ.ಸಿ.ಯ ಕೆಳಗೆ ಸೇರಿದಾಗ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ, ಆದರೆ ಅದು ಬರುವುದು ದಿನದ ಕೆಲವೇ ಗಂಟೆ. ಏಳು ಗಂಟೆ ತ್ರೀಫೇಸ್ ಕೊಡುವುದು ಸರ್ಕಾರ ಹೇಳುತ್ತ ಬಂದ ಲೆಕ್ಕ. ಸಿಗುವ ಹೊತ್ತು ಕಡಿಮೆಯಿದ್ದಾಗ ಒಂದು ನಿಮಿಷವನ್ನೂ ಕಳೆದುಕೊಳ್ಳಬಾರದೆಂದು ಎಲ್ಲರೂ ಆಟೋದಲ್ಲಿಡುತ್ತಾರೆ. ಅದು ನ್ಯಾಯವೇ. ಈಗ ಲೆಕ್ಕ ಹಾಕೋಣ. 10 ಎಚ್‌ಪಿ ಮೋಟರ್ ಓಡುವಾಗ ಎಳೆಯುವುದು ಸುಮಾರು 10 ಕೆವಿಎ. 63 ಕೆವಿಎ ಟಿ.ಸಿ. ಕೆಳಗೆ ಇಂಥ ಐದು ಇದ್ದರೆ ಓಡುವಾಗ ತೊಂದರೆಯಿಲ್ಲ. ಆದರೆ ನಿಂತ ಮೋಟರನ್ನು ನೇರ ಸ್ಟಾರ್ಟರ್‌ನಿಂದ ಎಬ್ಬಿಸುವಾಗ ಅದು ಓಡುವ ಕರೆಂಟಿನ ಆರು ಪಟ್ಟಿನಷ್ಟು ಎಳೆಯುತ್ತದೆ; ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇದ್ದರೆ ಅದರ ಮೂರನೇ ಒಂದು ಭಾಗ. ಐದೂ ಒಟ್ಟಿಗೆ ಎದ್ದರೆ ಆ ಗಳಿಗೆಯ ಬೇಡಿಕೆ ಸ್ಟಾರ್-ಡೆಲ್ಟಾದಲ್ಲೇ ಸುಮಾರು 100 ಕೆವಿಎ, ನೇರ ಸ್ಟಾರ್ಟರ್‌ನಲ್ಲಿ ಸುಮಾರು 300. ಕೆಲವೇ ಸೆಕೆಂಡಿನ ಹೊರೆಯಾದರೆ ಟಿ.ಸಿ. ತಡೆದುಕೊಳ್ಳುತ್ತದೆ. ಅಪಾಯ ಇರುವುದು ಮುಂದಿನ ಹಂತದಲ್ಲಿ. ಹೊರೆ ಏರಿದಾಗ ವೋಲ್ಟೇಜ್ ಬೀಳುತ್ತದೆ. ಮೋಟರ್ ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣ. ವೋಲ್ಟೇಜ್ ನೂರಕ್ಕೆ 80ಕ್ಕೆ ಇಳಿದರೆ ಬಲ 64ಕ್ಕೆ ಇಳಿಯುತ್ತದೆ. ಆಗ ಮೂರು ಸೆಕೆಂಡಿನಲ್ಲಿ ಏಳಬೇಕಾದ ಮೋಟರ್ ಏಳದೆ ತಿಣುಕುತ್ತ ಭಾರೀ ಕರೆಂಟನ್ನು ಎಳೆಯುತ್ತಲೇ ಇರುತ್ತದೆ. ವೈಂಡಿಂಗ್ ಸುಡುವುದು, ಫ್ಯೂಸ್ ಹಾರುವುದು ಹೀಗೆ. ಒಬ್ಬೊಬ್ಬರೂ ತಮ್ಮ ಮಟ್ಟಿಗೆ ಸರಿಯಾದುದನ್ನೇ ಮಾಡಿದರೂ ಎಲ್ಲರೂ ಸೇರಿ ಒಂದು ಡಿಕ್ಕಿಗೆ ಕಾರಣರಾಗುತ್ತಾರೆ.

ಹವಾಯಿಯಿಂದ ಬಂದ ಉಪಾಯ

ಡಿಕ್ಕಿ ಎಂಬ ಮಾತನ್ನು ಜಾಲ ಎಂಜಿನಿಯರ್‌ಗಳೂ ಬಳಸುತ್ತಾರೆ, ಇದೇ ಅರ್ಥದಲ್ಲಿ. ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್‌ಸನ್ ಮತ್ತು ಸಂಗಡಿಗರು 1971ರಲ್ಲಿ ‘ಅಲೋಹಾ’ ಎಂಬ ರೇಡಿಯೋ ಜಾಲವನ್ನು ನಡೆಸತೊಡಗಿದರು. ಬೇರೆ ಬೇರೆ ದ್ವೀಪಗಳಲ್ಲಿ ಕೂತವರು ಒಂದೇ ರೇಡಿಯೋ ಚಾನೆಲ್ ಮೂಲಕ ಒವಾಹು ದ್ವೀಪದ ಕಂಪ್ಯೂಟರನ್ನು ಬಳಸಬೇಕಿತ್ತು. ಇಬ್ಬರು ಒಟ್ಟಿಗೆ ಕಳಿಸಿದರೆ ಇಬ್ಬರ ಸಂದೇಶವೂ ಕೆಡುತ್ತಿತ್ತು. ಮೇಲೊಬ್ಬ ಯಜಮಾನನನ್ನು ಕೂರಿಸಿ ‘ಈಗ ನೀನು, ಆಮೇಲೆ ಅವನು’ ಎಂದು ಹೇಳಿಸಬಹುದಿತ್ತು. ಅಬ್ರಾಮ್‌ಸನ್ ಬೇರೆ ದಾರಿ ಹಿಡಿದರು. ಕಳಿಸಬೇಕೆನಿಸಿದಾಗ ಕಳಿಸು, ತಲುಪಿತೆಂಬ ಉತ್ತರ ಬಾರದಿದ್ದರೆ ಒಂದಷ್ಟು ಹೊತ್ತು ಕಾದು ಮತ್ತೆ ಕಳಿಸು, ಎಷ್ಟು ಹೊತ್ತು ಎಂಬುದನ್ನು ಮಾತ್ರ ಚೀಟಿ ಎತ್ತಿದ ಹಾಗೆ ಯದ್ವಾತದ್ವಾ ಆರಿಸಿಕೊ. ಇಬ್ಬರೂ ಒಂದೇ ಅವಧಿ ಕಾದರೆ ಮತ್ತೆ ಡಿಕ್ಕಿ. ಬೇರೆ ಬೇರೆ ಅವಧಿ ಕಾದರೆ ದಾರಿ ಬಿಡುವಾಗುತ್ತದೆ. ಈ ಸರಳ ರೂಪದಲ್ಲಿ ಚಾನೆಲ್‌ನ ಸಾಮರ್ಥ್ಯದಲ್ಲಿ ಹೆಚ್ಚೆಂದರೆ ನೂರಕ್ಕೆ 18ರಷ್ಟು ಮಾತ್ರ ಬಳಕೆಗೆ ಸಿಗುತ್ತಿತ್ತು. ಆದರೆ ಯಾರ ಅಪ್ಪಣೆಯೂ ಇಲ್ಲದೆ ಅಪರಿಚಿತರು ಒಂದೇ ದಾರಿಯನ್ನು ಹಂಚಿಕೊಳ್ಳಬಹುದು ಎಂಬುದು ಮೊದಲ ಬಾರಿಗೆ ಕಾರ್ಯರೂಪದಲ್ಲಿ ಕಂಡಿತು.

ಈ ಬೀಜವನ್ನು ಬೆಳೆಸಿದವರು ಝೆರಾಕ್ಸ್ ಕಂಪನಿಯ ಕ್ಯಾಲಿಫೋರ್ನಿಯಾ ಸಂಶೋಧನಾ ಕೇಂದ್ರದ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್. 1973ರಲ್ಲಿ ಅವರು ರೂಪಿಸಲು ತೊಡಗಿದ ಈಥರ್‌ನೆಟ್, ಕಳಿಸುವ ಮುನ್ನ ತಂತಿಗೆ ಕಿವಿಗೊಡುತ್ತದೆ; ಬೇರೆಯವರು ಕಳಿಸುತ್ತಿದ್ದರೆ ಸುಮ್ಮನಿರುತ್ತದೆ. ಆದರೂ ಡಿಕ್ಕಿಯಾದರೆ ಯದ್ವಾತದ್ವಾ ಅವಧಿ ಕಾಯುತ್ತದೆ. ಮತ್ತೆ ಡಿಕ್ಕಿಯಾದರೆ ಆ ಅವಧಿಯ ಮಿತಿಯನ್ನು ಇಮ್ಮಡಿಸುತ್ತದೆ, ಮತ್ತೆ ಆದರೆ ಮತ್ತೂ ಇಮ್ಮಡಿ. ಜನಸಂದಣಿ ಹೆಚ್ಚಿದಷ್ಟೂ ಪ್ರತಿಯೊಬ್ಬರೂ ತಾವಾಗಿ ಹೆಚ್ಚು ತಾಳ್ಮೆ ತಾಳುವ ವ್ಯವಸ್ಥೆ ಇದು. ಇಂದು ಕಚೇರಿಗಳ ಈಥರ್‌ನೆಟ್‌ನಲ್ಲಿ ಪ್ರತಿ ಯಂತ್ರಕ್ಕೂ ಸ್ವಿಚ್‌ನಿಂದ ಪ್ರತ್ಯೇಕ ತಂತಿ ಬಂದಿರುವುದರಿಂದ ಈ ಉಪಾಯ ಹಳೆಯದಾಯಿತಲ್ಲ ಎಂದು ತಿಳಿದವರು ಆಕ್ಷೇಪಿಸಬಹುದು. ಪ್ರತ್ಯೇಕ ತಂತಿ ಎಳೆಯಲು ಸಾಧ್ಯವಾದ ಕಡೆ ಆ ಮಾತು ನಿಜ. ಹಂಚಿಕೊಳ್ಳದೆ ವಿಧಿಯಿಲ್ಲದ ಕಡೆ ಉಪಾಯ ಇಂದಿಗೂ ಜೀವಂತ: ವೈಫೈ ಇದರ ಮೇಲೆಯೇ ನಿಂತಿದೆ. ಜಿಎಸ್‌ಎಂ ಮೊಬೈಲ್ ಪ್ರತಿ ಬಾರಿ ಟವರ್ ಬಳಿ ‘ನನಗೊಂದು ಜಾಗ ಕೊಡಿ’ ಎಂದು ಮೊದಲ ಮಾತು ಆಡುವುದೂ ಅಲೋಹಾದ ಸುಧಾರಿತ ರೂಪದಲ್ಲಿಯೇ. ಅಂದರೆ ಬೂದಿಗೆರೆಯ ತೋಟದ ಪೆಟ್ಟಿಗೆಯಲ್ಲಿರುವ ಸಿಮ್ ಒಂದು ಎಸ್ಸೆಮ್ಮೆಸ್ ಕಳಿಸಲು ಹೊರಟಾಗ ಸರದಿಯ ನಿಯಮಕ್ಕೆ ತಲೆಬಾಗುತ್ತದೆ, ಡಿಕ್ಕಿಯಾದರೆ ಕಾದು ಮತ್ತೆ ಕೇಳುತ್ತದೆ. ಅದೇ ಪೆಟ್ಟಿಗೆಯಲ್ಲಿ ಗೇಣುದೂರದಲ್ಲಿರುವ ರಿಲೇಗೆ ಆ ನಿಯಮವನ್ನು ಯಾರೂ ಹೇಳಿಕೊಟ್ಟಿಲ್ಲ.

ಹೇಳಿಕೊಡಲು ಬೇಕಾದದ್ದು ಬಹಳ ಕಡಿಮೆ. ಕರೆಂಟು ಬಂದ ಮೇಲೆ ಇಷ್ಟು ಸೆಕೆಂಡು ಕಾದು ಮೋಟರ್ ಎಬ್ಬಿಸು ಎನ್ನುವ ಟೈಮರ್ ಹಲವು ಸ್ಟಾರ್ಟರ್‌ಗಳಲ್ಲಿ ಈಗಾಗಲೇ ಇದೆ. ಆದರೆ ಎಲ್ಲರ ಟೈಮರ್ ಒಂದೇ ಅವಧಿಯಲ್ಲಿದ್ದರೆ ಎಲ್ಲ ಮೋಟರ್‌ಗಳೂ ಒಟ್ಟಿಗೆ ಕಾದು ಒಟ್ಟಿಗೆ ಏಳುತ್ತವೆ. ಸಮಸ್ಯೆ ಅರ್ಧ ನಿಮಿಷ ಮುಂದಕ್ಕೆ ಹೋಯಿತೇ ಹೊರತು ತಪ್ಪಲಿಲ್ಲ. ಬೇಕಾದದ್ದು ಪ್ರತಿ ಬಾರಿಯೂ ಪೆಟ್ಟಿಗೆ ತಾನೇ ಎತ್ತುವ ಬೇರೆ ಬೇರೆ ಅವಧಿ. ಹತ್ತು ನಿಮಿಷದೊಳಗೆ ಯಾವುದೋ ಒಂದು ಗಳಿಗೆಯನ್ನು ಐದು ಸ್ಟಾರ್ಟರ್‌ಗಳು ಸ್ವತಂತ್ರವಾಗಿ ಆರಿಸಿಕೊಂಡರೆ, ಮೋಟರ್ ಏಳಲು ಐದು ಸೆಕೆಂಡು ಬೇಕೆಂದು ಹಿಡಿದರೂ, ನೂರರಲ್ಲಿ ಸುಮಾರು 84 ಬಾರಿ ಯಾವ ಎರಡೂ ಒಂದರ ಮೇಲೊಂದು ಬೀಳವು. ಬಿದ್ದಾಗಲೂ ಸಾಮಾನ್ಯವಾಗಿ ಎರಡೇ ಇರುತ್ತವೆ, ಐದಲ್ಲ. ಇದಕ್ಕೆ ಇಂಟರ್‌ನೆಟ್ ಬೇಡ, ಕಂಪನಿಯ ಸರ್ವರ್ ಬೇಡ, ತಿಂಗಳ ಬಾಡಿಗೆ ಬೇಡ. ಚಿಪ್ಪಿನಲ್ಲಿ ಕೆಲವು ಸಾಲು ಪ್ರೋಗ್ರಾಂ ಸಾಕು. ಇದು ಬರೀ ಕಾಗದದ ಮೇಲಿನ ಯೋಚನೆಯಲ್ಲ. ವಿದ್ಯುತ್ ಕಾರುಗಳೆಲ್ಲ ಅಗ್ಗದ ದರದ ಹೊತ್ತಿಗೆ ಸರಿಯಾಗಿ ಒಟ್ಟಿಗೆ ಚಾರ್ಜ್ ಆಗತೊಡಗಿದರೆ ಜಾಲ ತತ್ತರಿಸೀತೆಂದು ಬ್ರಿಟನ್ 2021ರಲ್ಲಿ ನಿಯಮವನ್ನೇ ತಂದಿತು. ಅಲ್ಲಿ ಮನೆಗಳಿಗೆಂದು ಮಾರುವ ಚಾರ್ಜರ್‌ಗಳು 10 ನಿಮಿಷದೊಳಗಿನ ಯದ್ವಾತದ್ವಾ ಅವಧಿ ಕಾದು ಕೆಲಸ ಶುರುಮಾಡುವ ಗುಣವನ್ನು ಕಾರ್ಖಾನೆಯಿಂದಲೇ ಹೊತ್ತು ಬರಬೇಕು. ಕಾರಿಗೆ ಸಾಧ್ಯವಾದದ್ದು ಪಂಪ್‌ಸೆಟ್ಟಿಗೆ ಅಸಾಧ್ಯವಲ್ಲ.

ರೈತರ ಆಕ್ಷೇಪಗಳು

ಇರುವುದೇ ಏಳು ಗಂಟೆ, ಅದರಲ್ಲಿ ಕಾಯಿರಿ ಎಂದರೆ ಹೇಗೆ ಎಂಬುದು ಮೊದಲ ಆಕ್ಷೇಪ. 420 ನಿಮಿಷಗಳಲ್ಲಿ ಸರಾಸರಿ ಐದು ನಿಮಿಷ ಹೋಗುತ್ತದೆ. ನಡುವೆ ಕರೆಂಟು ಮೂರು ಸಲ ಹೋಗಿ ಬಂದರೆ ಇಪ್ಪತ್ತು ನಿಮಿಷವಾದೀತು, ಅದು ನಷ್ಟವೇ. ಅಂಥ ಲೈನುಗಳಲ್ಲಿ ಕಾಯುವ ಮಿತಿಯನ್ನು ಎರಡು ಮೂರು ನಿಮಿಷಕ್ಕೆ ಇಳಿಸಿಕೊಳ್ಳಬಹುದು. ಆದರೆ ತಕ್ಕಡಿಯ ಇನ್ನೊಂದು ಕಡೆ ಸುಟ್ಟ ಮೋಟರನ್ನು ನೂರಾರು ಅಡಿ ಆಳದಿಂದ ಪೈಪು ಸಮೇತ ಮೇಲೆತ್ತಿಸುವ ಖರ್ಚಿದೆ, ವೈಂಡಿಂಗ್ ಕೂಲಿಯಿದೆ, ಟಿ.ಸಿ. ಬದಲಾಗುವವರೆಗೆ ಬಾಡುವ ಬೆಳೆಯಿದೆ. ಎರಡನೆಯ ಆಕ್ಷೇಪ, ಪಕ್ಕದವನು ಕಾಯದಿದ್ದರೆ ಕಾದವನು ಮಂಕಾದ ಎಂಬುದು. ಎಲ್ಲ ಹಂಚಿಕೆಯ ಪ್ರಶ್ನೆಯೂ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ಮೋಟರ್ ಎಬ್ಬಿಸುವ ವಿಷಯದಲ್ಲಿ ಮಾತ್ರ ಇದು ಅಷ್ಟು ಕಾಡುವುದಿಲ್ಲ. ಒಬ್ಬ ಕಾಯದೆ ಮೊದಲೇ ಎಬ್ಬಿಸಿದರೆ ಕಾದವರಿಗೆ ಕೆಡುಕಿಲ್ಲ, ಯಾರಾದರೊಬ್ಬರು ಮೊದಲಿಗರಾಗಲೇಬೇಕು. ಹೆಚ್ಚಿನವರು ಕಾಯದಿದ್ದಾಗ ಮಾತ್ರ ಡಿಕ್ಕಿ, ಆ ಡಿಕ್ಕಿಯಲ್ಲಿ ಕಾಯದವರದೇ ಮೋಟರ್ ತಿಣುಕುತ್ತದೆ. ಕಾಯುವ ಗುಣವನ್ನು ರೈತರ ಒಳ್ಳೆಯತನಕ್ಕೆ ಬಿಡದೆ ಪೆಟ್ಟಿಗೆಯ ಹುಟ್ಟುಗುಣವಾಗಿ ಮಾಡಿದರೆ ಈ ಪ್ರಶ್ನೆ ಬಹುಮಟ್ಟಿಗೆ ಮುಗಿಯುತ್ತದೆ.

ಮೂರನೆಯ ಆಕ್ಷೇಪ ಹೆಚ್ಚು ಗಟ್ಟಿ. ಟಿ.ಸಿ.ಯ ಮೇಲೆ ತಾಳಲಾರದಷ್ಟು ಮೋಟರ್‌ಗಳಿದ್ದರೆ, ಅವು ಒಂದೊಂದಾಗಿ ಎದ್ದರೂ ಓಡುವಾಗಿನ ಹೊರೆಯೇ ಅದನ್ನು ಸುಡುತ್ತದಲ್ಲ? ಹೌದು. ಕಾಯುವ ಉಪಾಯ ಹೊಸ ಸಾಮರ್ಥ್ಯವನ್ನು ಹುಟ್ಟಿಸುವುದಿಲ್ಲ, ದೊಡ್ಡ ಟಿ.ಸಿ. ಬೇಕಾದ ಕಡೆ ಅದನ್ನು ಹಾಕಲೇಬೇಕು. ಅಲ್ಲಿಯವರೆಗೆ ನೆರವಾಗುವುದು ಹೊತ್ತನ್ನು ಪಾಲು ಮಾಡುವ ಉಪಾಯ: ಅರ್ಧ ಮೋಟರ್‌ಗಳು ಮೊದಲ ಪಾಳಿಗೆ, ಉಳಿದರ್ಧ ಎರಡನೆಯ ಪಾಳಿಗೆ. ಜಿಎಸ್‌ಎಂ ಜಾಲವೂ ಒಂದು ಚಾನೆಲನ್ನು ಎಂಟು ಪಾಳಿಗಳಾಗಿ ಕತ್ತರಿಸಿ ಎಂಟು ಕರೆಗಳಿಗೆ ಕೊಡುತ್ತದೆ. ನೀರಿನ ಪಾಳಿ ನಮ್ಮ ನಾಡಿಗೆ ಹೊಸದೂ ಅಲ್ಲ. ಹಳೇ ಮೈಸೂರು ಸೀಮೆಯ ಕೆರೆಗಳಲ್ಲಿ ತೂಬು ಎತ್ತಿ ಇಳಿಸಿ, ಗದ್ದೆ ಗದ್ದೆಗೆ ಸರದಿ ಪ್ರಕಾರ ನೀರು ಹಾಯಿಸುತ್ತಿದ್ದ ನೀರುಗಂಟಿಯ ವ್ಯವಸ್ಥೆಯನ್ನು ಹಿರಿಯರು ಬಲ್ಲರು. ಆ ಸರದಿಯ ಜೊತೆಗೆ ಮೇಲು-ಕೀಳಿನ ಏರ್ಪಾಡೂ ಇತ್ತು. ಅದನ್ನು ಮರಳಿ ತರಬೇಕಿಲ್ಲ. ಆದರೆ ನೀರು ಎಲ್ಲರ ಕಣ್ಣೆದುರು ಕೆರೆಯಲ್ಲಿದ್ದಾಗ ಸರದಿ ಬೇಕೆಂದು ಒಪ್ಪಿದ್ದ ಊರು, ಅದು ಕಣ್ಣಿಗೆ ಕಾಣದ ನೆಲದಾಳಕ್ಕೆ ಇಳಿದ ಮೇಲೆ ಸರದಿಯನ್ನೇ ಮರೆತದ್ದು ದೊಡ್ಡ ನಷ್ಟ.

ನೀರಿಗೂ ಅದೇ ಪಾಠ

ಹೀಗೆ ವಾದ ಕರೆಂಟಿನಿಂದ ನೀರಿಗೆ ಬರಲೇಬೇಕು. ಬೆಂಗಳೂರು ಗ್ರಾಮಾಂತರದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರಗಳು ಮಳೆ ತುಂಬಿಕೊಡುವುದಕ್ಕಿಂತ ಹೆಚ್ಚು ಅಂತರ್ಜಲ ಎತ್ತುವ ತಾಲ್ಲೂಕುಗಳೆಂದು ಸರ್ಕಾರಿ ಅಂದಾಜಿನಲ್ಲೇ ದಾಖಲಾಗಿವೆ. ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಇಲ್ಲಿ ಅಪರೂಪವಲ್ಲ. ಆದ್ದರಿಂದಲೇ, ದೂರದಿಂದ ಸುಲಭವಾಗಿ ಮೋಟರ್ ಹಾಕುವ ಸೌಲಭ್ಯ ಕೊಟ್ಟು ನೀವು ನೀರು ಬರಿದಾಗುವುದನ್ನು ಇನ್ನಷ್ಟು ಸಲೀಸು ಮಾಡಿದಿರಿ ಎಂದು ತಂತ್ರಜ್ಞಾನದ ಮೇಲೆ ದೂರು ಹೊರಿಸುವವರಿದ್ದಾರೆ. ಬರೀ ತಲುಪುವ ವಿದ್ಯೆಯನ್ನು ಮಾತ್ರ ಕೊಟ್ಟರೆ ದೂರು ಸರಿ. ಇಂಟರ್‌ನೆಟ್ಟಿಗೂ ಈ ಗತಿ ಬಂದಿತ್ತು. 1986ರ ಅಕ್ಟೋಬರ್‌ನಲ್ಲಿ ಬರ್ಕ್‌ಲಿಯ ಪ್ರಯೋಗಾಲಯಕ್ಕೂ ಅಲ್ಲಿನ ವಿಶ್ವವಿದ್ಯಾಲಯಕ್ಕೂ ನಡುವೆ, ಬರೀ 400 ಗಜದ ಅಂತರದಲ್ಲಿ, ಸೆಕೆಂಡಿಗೆ 32,000 ಬಿಟ್ ಸಾಗಿಸುತ್ತಿದ್ದ ಜಾಲ 40 ಬಿಟ್‌ಗೆ ಕುಸಿಯಿತು. ತಂತಿ ತುಂಡಾಗಿರಲಿಲ್ಲ. ದಟ್ಟಣೆಯಲ್ಲಿ ಕಳೆದುಹೋದ ಸಂದೇಶಗಳನ್ನು ಎಲ್ಲರೂ ಆತುರದಿಂದ ಮತ್ತೆ ಮತ್ತೆ ಕಳಿಸಿ ದಟ್ಟಣೆಯನ್ನು ಹೆಚ್ಚಿಸಿದ್ದರು. ಜಾಲ ಸಂಶೋಧಕ ವ್ಯಾನ್ ಜೇಕಬ್‌ಸನ್ 1988ರಲ್ಲಿ ಮೈಕೆಲ್ ಕರೆಲ್ಸ್ ಜೊತೆ ಪ್ರಕಟಿಸಿದ ಪರಿಹಾರ ಇಷ್ಟೆ: ಸಂದೇಶ ಕಳೆದುಹೋದರೆ ಅದನ್ನು ದಟ್ಟಣೆಯ ಸೂಚನೆಯೆಂದು ತಿಳಿದು ಕಳಿಸುವ ವೇಗವನ್ನು ಥಟ್ಟನೆ ಇಳಿಸು, ಆಮೇಲೆ ನಿಧಾನವಾಗಿ ಏರಿಸು. ಇಂದಿಗೂ ನಮ್ಮ ಫೋನುಗಳ ಒಳಗೆ ಇದೇ ತತ್ವ ಕೆಲಸ ಮಾಡುತ್ತಿದೆ.

ಇದಕ್ಕಿಂತ ಒಂದು ಹೆಜ್ಜೆ ಮುಂದಿನ ಯೋಚನೆ ಬಂದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಇಬ್ಬರಿಂದ. 1980ರ ದಶಕದಲ್ಲಿ ಅಮೆರಿಕದ ‘ಡಿಜಿಟಲ್’ ಎಂಬ ಕಂಪ್ಯೂಟರ್ ಕಂಪನಿಯಲ್ಲಿದ್ದ ಕೆ.ಕೆ. ರಾಮಕೃಷ್ಣನ್ ಮತ್ತು ರಾಜ್ ಜೈನ್, ಸಂದೇಶ ಕಳೆದುಹೋಗುವವರೆಗೆ ಯಾಕೆ ಕಾಯಬೇಕು ಎಂದು ಕೇಳಿದರು. ದಾರಿಯಲ್ಲಿ ಸಾಲು ಬೆಳೆಯತೊಡಗಿದಾಗಲೇ ಸಾಗುವ ಸಂದೇಶದ ಮೇಲೆ ಒಂದೇ ಒಂದು ಬಿಟ್‌ನ ಗುರುತು ಹಾಕಿದರೆ, ಕಳಿಸುವವರು ಅದನ್ನು ನೋಡಿ ವೇಗ ತಗ್ಗಿಸಬಹುದು. ಎಲ್ಲರೂ ಸ್ವಲ್ಪ ಸ್ವಲ್ಪವೇ ಏರಿಸಿ, ಇಳಿಸುವಾಗ ದೊಡ್ಡ ಪಾಲು ಇಳಿಸಿದರೆ ಕೊನೆಗೆ ಎಲ್ಲರಿಗೂ ಹೆಚ್ಚುಕಡಿಮೆ ಸಮಪಾಲು ಸಿಗುತ್ತದೆ ಎಂಬುದನ್ನು ದಾ-ಮಿಂಗ್ ಚಿಯು ಮತ್ತು ಜೈನ್ 1989ರಲ್ಲಿ ಗಣಿತದಿಂದ ತೋರಿಸಿದರು. ಕೊಳವೆಬಾವಿಗೆ ಇದನ್ನು ಹಚ್ಚಿ ನೋಡಿ. ಇಂದಿನ ಸ್ಟಾರ್ಟರ್‌ನಲ್ಲಿರುವ ಡ್ರೈ ರನ್ ರಕ್ಷಣೆ, ನೀರು ಮುಗಿದು ಮೋಟರ್ ಬರಿದೇ ತಿರುಗತೊಡಗಿದಾಗ ನಿಲ್ಲಿಸುತ್ತದೆ. ಅದು ಸಂದೇಶ ಕಳೆದುಹೋದ ಮೇಲಿನ ಎಚ್ಚರಿಕೆ. ಬಾವಿಯೊಳಗೆ ನೀರಿನ ಮಟ್ಟ ನೋಡುವ ಸೆನ್ಸರ್ ಇಳಿಬಿಟ್ಟು, ಮಟ್ಟ ಒಂದು ಗೆರೆಗಿಂತ ಕೆಳಗಿಳಿದ ಕೂಡಲೇ ಮೋಟರ್ ನಿಲ್ಲಿಸಿ, ಒರತೆ ತುಂಬಿಕೊಂಡ ಮೇಲೆ ಮತ್ತೆ ಶುರುಮಾಡಿದರೆ ಅದು ಮುಂಚಿತವಾಗಿ ಹಾಕಿದ ಗುರುತು. ಕಡಿಮೆ ನೀರಿನ ಬಾವಿಯಲ್ಲಿ ಏಳು ಗಂಟೆ ಎಡೆಬಿಡದೆ ಎಳೆಯುವುದಕ್ಕೆ ನೀರೇ ಇರುವುದಿಲ್ಲವಾದ್ದರಿಂದ, ಪಾಳಿಗೆ ಒಪ್ಪಿದರೆ ಅರ್ಧ ನೀರು ಹೋಯಿತು ಎಂಬ ಅಂಜಿಕೆಯೂ ಅಲ್ಲಿ ಅಷ್ಟಾಗಿ ನಿಲ್ಲದು.

ಈ ಹೋಲಿಕೆಗೆ ಒಂದು ಗಡಿಯಿದೆ. ಜಾಲದಲ್ಲಿ ದಟ್ಟಣೆಯ ಸುದ್ದಿ ಸೆಕೆಂಡಿನ ಒಂದಂಶದಲ್ಲಿ ಮರಳುತ್ತದೆ. ನೆಲದಾಳ ತನ್ನ ಬಡತನವನ್ನು ತಿಳಿಸಲು ತಿಂಗಳು, ವರ್ಷ ತೆಗೆದುಕೊಳ್ಳುತ್ತದೆ. ಇಲ್ಲಿ ಒಬ್ಬ ತಡೆದರೆ ಉಳಿದ ನೀರನ್ನು ಪಕ್ಕದ ಬಾವಿ ಎಳೆದುಕೊಳ್ಳಬಹುದು. ಹಾಗಾಗಿ ಸೆನ್ಸರ್ ಒಂದೇ ಅಂತರ್ಜಲವನ್ನು ಉಳಿಸದು. ಬೆಳೆಯ ಆಯ್ಕೆ, ಹನಿ ನೀರಾವರಿ, ಕೆರೆ ತುಂಬಿಸುವುದು, ಕೊಳವೆಬಾವಿ ಕೊರೆಯುವುದರ ಮೇಲಿನ ಕಾನೂನು ಇವೆಲ್ಲ ಬೇಕೇ ಬೇಕು. ಆದರೆ ಊರವರು ಕೂತು ಒಪ್ಪಂದಕ್ಕೆ ಬರಬೇಕಾದರೆ ನೀರಿನ ಮಟ್ಟ ಎಷ್ಟು, ಯಾರ ಪಾಳಿ ಯಾವಾಗ ಎಂಬುದು ಎಲ್ಲರಿಗೂ ಕಾಣುವಂತಿರಬೇಕು. ಅದನ್ನು ಕಾಣಿಸುವುದು ಮತ್ತು ಒಪ್ಪಿದ ಮಾತನ್ನು ತಪ್ಪದೆ ನಡೆಸುವುದು ಪೆಟ್ಟಿಗೆಯಿಂದ ಆಗುವ ಕೆಲಸ. ಒಪ್ಪುವುದು ಜನರ ಕೆಲಸ.

ಇಂಥದ್ದನ್ನೆಲ್ಲ ಮಾಡಿಕೊಡಲು ನಮ್ಮಲ್ಲಿ ಯಾರಿದ್ದಾರೆ ಎಂಬ ಅನುಮಾನಕ್ಕೆ ಕರ್ನಾಟಕದ ಇತಿಹಾಸವೇ ಉತ್ತರ ಕೊಟ್ಟಿದೆ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆಯ ಎಂಜಿನಿಯರ್‌ಗಳು ದೆಹಲಿ ಮತ್ತು ಬೆಂಗಳೂರಿನಲ್ಲಿ ಕೂತು ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜೊಂದನ್ನು ರೂಪಿಸಿದರು. ಹೊರದೇಶದ ಎಕ್ಸ್‌ಚೇಂಜ್‌ಗಳು ಏರ್ ಕಂಡಿಷನ್ ಕೋಣೆ ಬೇಡುತ್ತಿದ್ದಾಗ, ಇದು ಬಿಸಿಲು ಧೂಳಿನ ಹಳ್ಳಿಯಲ್ಲಿ ಅದಿಲ್ಲದೆಯೇ ನಡೆಯುವಂತಿತ್ತು. ಮೊದಲನೆಯದು 1986ರಲ್ಲಿ ಕೆಲಸ ಶುರುಮಾಡಿದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಊರಿನ ಸ್ಥಿತಿಯನ್ನು ಮೊದಲು ನೋಡಿ ಆಮೇಲೆ ಯಂತ್ರ ಕಟ್ಟಿದ್ದರಿಂದ ಅದು ಗೆದ್ದಿತು. ಸ್ಟಾರ್ಟರ್ ಪೆಟ್ಟಿಗೆಗೆ ಬೇಕಾದದ್ದು ಅದರ ನೂರರಲ್ಲೊಂದು ಪಾಲಿನ ಜಾಣ್ಮೆ.

ಹೊಣೆ ಯಾರದೆಂದು ಸ್ಪಷ್ಟವಾಗಿ ಹೇಳಬೇಕು. ಸಬ್ಸಿಡಿ ಕೊಟ್ಟೋ ಟೆಂಡರ್ ಕರೆದೋ ಕೊಳ್ಳುವ ಪ್ರತಿ ಸ್ಟಾರ್ಟರ್‌ಗೂ ಯದ್ವಾತದ್ವಾ ಕಾಯುವ ಗುಣ ಕಡ್ಡಾಯ ಎಂದು ಸರ್ಕಾರ ಷರತ್ತು ಹಾಕಲಿ. ತಯಾರಕರು ಮಿಕ್ಕವರಿಗೂ ಅದನ್ನೇ ಮಾರುತ್ತಾರೆ. ಡ್ರೈ ರನ್ ಜೊತೆಗೆ ನೀರಿನ ಮಟ್ಟದ ಮುನ್ನೆಚ್ಚರಿಕೆಯನ್ನೂ ಅಳವಡಿಸುವಂತೆ ಕೃಷಿ, ತೋಟಗಾರಿಕೆ ಇಲಾಖೆಗಳು ನೋಡಿಕೊಳ್ಳಲಿ. ಒಂದೊಂದು ಟಿ.ಸಿ.ಯ ಬಳಕೆದಾರರು ಕೂತು ಪಾಳಿ ಒಪ್ಪಿಕೊಂಡರೆ ಆ ಟಿ.ಸಿ.ಯ ದುರಸ್ತಿಗೆ ಬೆಸ್ಕಾಂ ಆದ್ಯತೆ ಕೊಡಲಿ. ಹಳೇ ಮದ್ರಾಸ್ ರಸ್ತೆಯ ಬೂದಿಗೆರೆ ಕ್ರಾಸ್‌ನಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟುಗಳವರಿಗೂ ಇದು ಹೊರಗಿನ ಮಾತಲ್ಲ. ಅವರ ಕೊಳವೆಬಾವಿಗಳು, ಟ್ಯಾಂಕರ್‌ಗಳು ಎಳೆಯುವುದೂ ಇದೇ ನೆಲದ ನೀರನ್ನು, ನಾಳೆ ಅವರ ಕಾರುಗಳ ಚಾರ್ಜರ್‌ಗಳು ಒಟ್ಟಿಗೆ ಎಚ್ಚೆತ್ತು ಎಳೆಯುವುದೂ ಇಂಥದೇ ಟಿ.ಸಿ.ಯಿಂದ. ದೂರದಿಂದ ಆಜ್ಞೆ ಕೊಡುವ ಶಕ್ತಿ ಈಗ ಎಲ್ಲರ ಕೈಯಲ್ಲಿದೆ. ಕಾಯುವ ನಿಯಮವನ್ನೂ ಅದೇ ಪೆಟ್ಟಿಗೆಯಲ್ಲಿಟ್ಟು ಮಾರಿದಾಗಲೇ ಜಾಲದ ವಿದ್ಯೆ ಹಳ್ಳಿಗೆ ಪೂರ್ತಿಯಾಗಿ ಬಂದಂತೆ.